ಎಮ್ಮೆಗೆ ಬರೆ ಎಳೆಯೋ ಮೊದಲು ಅರ್ಥಿಂಗ್ ನೋಡ್ರಪ್ಪ

ಇವತ್ತು ಮತ್ತೆ ಅದೇ ದೃಶ್ಯ. ಹಳೇ ಕಾರು, ಪೆಟ್ರೋಲ್ ಮುಳ್ಳು ಏಳ್ತಿಲ್ಲ ಅಂತ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಸೀಟಿನ ಮೇಲೆ ಮಲಗಿಸಿದ್ದಾರೆ. ಹೊಸ ಮೀಟರ್ ಬಂದಿದೆ, ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯೋ ಹೊಸ ಟ್ಯಾಂಕ್ ಯೂನಿಟ್ಟೂ ಬಂದಿದೆ. ಎರಡೂ ಹಾಕಿದ ಮೇಲೂ ಮುಳ್ಳು ಖಾಲಿಯಲ್ಲೇ ಮಲಗಿದೆ. ಕಾರಣ, ಟ್ಯಾಂಕಿನ ಪಕ್ಕದಲ್ಲಿ ಕಾರಿನ ಲೋಹದ ಬಾಡಿಗೆ ಬಿಗಿದಿರೋ ಒಂದು ಕಪ್ಪು ವೈರು. ಅದೇ ಅರ್ಥಿಂಗ್, ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ. ಅದರ ತುದಿಯ ರಿಂಗ್ ಕೆಳಗೆ ತುಕ್ಕಿನ ಹೊಪ್ಪಳೆ. ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿದ್ರೆ ಮುಗೀತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಸುಮ್ನೆ ಹೇಳ್ಲಿಲ್ಲ ಹಿರಿಯರು.

ನನ್ನ ತಕರಾರು ಒಂದೇ: ಅಳೆಯದೆ ಯಾಕೆ ಬದಲಿಸ್ತೀರಿ?

ಹಳೇ ಕಾರಿನ ಗೇಜ್ ಅಂದ್ರೆ ಏನು ಮಹಾ? ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲೋ ಒಂದು ಫ್ಲೋಟ್, ಅದರ ಕಡ್ಡಿ, ಕಡ್ಡಿಯ ಬುಡದಲ್ಲಿ ಪ್ರತಿರೋಧದ ಪಟ್ಟಿ ಮೇಲೆ ಉಜ್ಜಿಕೊಂಡು ಓಡಾಡೋ ಒಂದು ಪುಟ್ಟ ನಾಲಿಗೆ. ಅಲ್ಲಿಂದ ಮೀಟರಿಗೆ ಒಂದು ವೈರು, ಬಾಡಿಗೆ ಒಂದು ಅರ್ಥಿಂಗ್. ಮೀಟರಿಗೆ ಕೀ ಕಡೆಯಿಂದ ಕರೆಂಟು. ಫ್ಲೋಟ್ ಏರಿಳಿದಂತೆ ಪ್ರತಿರೋಧ ಬದಲಾಗುತ್ತೆ, ಅದಕ್ಕೆ ತಕ್ಕಂತೆ ಮುಳ್ಳು ಸರಿಯುತ್ತೆ. ಅಷ್ಟೇ.

ಕೈ ಹಾಕೋ ಮೊದಲು ನಿಮ್ಮ ಗೇಜ್ ಯಾವ ಜಾತಿ ಅಂತ ತಿಳ್ಕೊಳ್ಳಿ. ಅಮೆರಿಕದ ಸಾಮಾನ್ಯ ಅಳತೆಯಲ್ಲಿ ಯೂನಿಟ್ಟಿನ ಪ್ರತಿರೋಧ ಖಾಲಿಗೆ 240 ಓಮ್, ಫುಲ್ಲಿಗೆ 33. ಯುರೋಪಿನದು ತಿರುಗಾಮುರುಗಾ, ಖಾಲಿಗೆ 10, ಫುಲ್ಲಿಗೆ 180. ಜನರಲ್ ಮೋಟರ್ಸ್‌ನ ಎಷ್ಟೋ ಹಳೇ ಗಾಡಿಗಳಲ್ಲಿ ಖಾಲಿಗೆ 0, ಫುಲ್ಲಿಗೆ 90. ಒಂದು ಜಾತಿಯ ಮೀಟರಿಗೆ ಇನ್ನೊಂದು ಜಾತಿಯ ಯೂನಿಟ್ ಹಾಕಿ 'ಹೊಸ ಪಾರ್ಟೂ ಡೂಪ್ಲಿಕೇಟು' ಅಂತ ಬಯ್ಯೋರನ್ನ ಕಂಡ್ರೆ ಅಯ್ಯೋ ಅನ್ಸುತ್ತೆ. ಪಾರ್ಟು ಸರಿಯಾಗೇ ಇರುತ್ತೆ, ಜೋಡಿ ತಪ್ಪಿರುತ್ತೆ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಕೀ ಆಫ್ ಮಾಡಿ, ಟ್ಯಾಂಕ್ ಯೂನಿಟ್‌ನಿಂದ ಮೀಟರ್ ವೈರ್ ಬಿಚ್ಚಿ. ಕೀ ಆನ್ ಮಾಡಿ ಮುಳ್ಳು ನೋಡಿ. 240–33 ಆಗಿದ್ರೆ ಖಾಲಿಗೆ ಬರಬೇಕು, ಉಳಿದೆರಡರಲ್ಲಿ ಫುಲ್ಲಿಗೆ ಹೋಗಬೇಕು. ಮತ್ತೆ ಕೀ ಆಫ್, ಆ ವೈರನ್ನ ಬಾಡಿಗೆ ಮುಟ್ಟಿಸಿ ಕಟ್ಟಿ, ಕೀ ಆನ್. ಈಗ ಮುಳ್ಳು ಎದುರು ತುದಿಗೆ ಓಡಬೇಕು. ಎರಡೂ ತುದಿ ಮುಟ್ಟಿತೋ, ಮೀಟರೂ ವೈರೂ ಜೀವಂತ ಇವೆ ಅಂತ ಅರ್ಥ. ದಯವಿಟ್ಟು ಡ್ಯಾಶ್‌ಬೋರ್ಡಿಗೆ ಕೈ ಹಚ್ಚಬೇಡಿ. ಪ್ರತಿಸಲ ಕೀ ಆಫ್ ಯಾಕೆ ಅಂದ್ರೆ, ಪೆಟ್ರೋಲ್ ಆವಿ ಇರೋ ಕಡೆ ಕಿಡಿ ಹಾರಬಾರದು.

ಒಂದು ಎಚ್ಚರಿಕೆ. ಬಿಸಿಗೆ ಬಾಗೋ ಲೋಹದ ಪಟ್ಟಿಯಿಂದ ಮುಳ್ಳು ನಿಧಾನಕ್ಕೆ ತೆವಳೋ ಹಳೇ ಬೈಮೆಟಲ್ ಮೀಟರುಗಳಲ್ಲಿ ನೇರ ಅರ್ಥಿಂಗ್ ಕೊಟ್ಟು ಟೀ ಕುಡಿಯೋಕೆ ಹೋದ್ರೆ ಒಳಗಿನ ಹೀಟರ್ ತಂತಿ ಸುಟ್ಟು ಕೂತಿರುತ್ತೆ. ಅಂಥದ್ದಕ್ಕೆ 33 ಓಮಿನ, 5 ವಾಟಿನ ರೆಸಿಸ್ಟರ್ (ಪ್ರತಿರೋಧದ ತುಂಡು) ವೈರಿಗೂ ಬಾಡಿಗೂ ಮಧ್ಯೆ ಇಟ್ಟು ನೋಡಿ, ಅರ್ಧ ನಿಮಿಷ ಕಾಯಿರಿ. ಅರ್ಧ ಟ್ಯಾಂಕ್ ಸರಿ ತೋರಿಸುತ್ತಾ ಅಂತ ನೋಡೋಕೂ ರೆಸಿಸ್ಟರೇ ಸಾಕು: 240–33ಕ್ಕೆ ಸುಮಾರು 100 ಓಮ್, 10–180ಕ್ಕೆ ಸುಮಾರು 90.

ಈಗ ನನ್ನ ಮೆಚ್ಚಿನ ಆರೋಪಿ ಅರ್ಥಿಂಗ್. ಕೀ ಆಫ್ ಮಾಡಿ ವೈರ್ ಮತ್ತೆ ಹಾಕಿ, ಆಮೇಲೆ ಕೀ ಆನ್ ಮಾಡಿ, ಮಲ್ಟಿಮೀಟರನ್ನ ಡಿಸಿ ವೋಲ್ಟಿಗೆ ತಿರುಗಿಸಿ. ಅದರ ಒಂದು ಕಡ್ಡಿ ಯೂನಿಟ್‌ನ ಲೋಹದ ಮುಚ್ಚಳಕ್ಕೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. 0.1 ವೋಲ್ಟಿಗಿಂತ ಜಾಸ್ತಿ ಬಂದ್ರೆ ಅರ್ಥಿಂಗ್ ಸತ್ತಿದೆ ಅಥವಾ ಸಾಯ್ತಿದೆ. ಟ್ಯಾಂಕು ರಬ್ಬರ್ ಪಟ್ಟಿ ಮೇಲೆ ಕೂತಿರುತ್ತೆ, ಪೈಪೂ ರಬ್ಬರು, ಹೊರಗೆಲ್ಲ ಪೇಂಟು. ಆ ಒಂದು ವೈರ್ ಬಿಟ್ರೆ ಅದಕ್ಕೆ ಬಾಡಿ ಜೊತೆ ಸಂಬಂಧವೇ ಇರಲ್ಲ.

ಅರ್ಧಂಬರ್ಧ ಅರ್ಥಿಂಗ್ ಇನ್ನೂ ಕಿತಾಪತಿ. ತುಕ್ಕಿನಿಂದ 30 ಓಮ್ ಸೇರಿಕೊಂಡಿತು ಅಂದುಕೊಳ್ಳಿ. 240–33ರಲ್ಲಿ ಫುಲ್ ಟ್ಯಾಂಕು ಮುಕ್ಕಾಲು ತೋರಿಸುತ್ತೆ, ಪರವಾಗಿಲ್ಲ. 10–180ರಲ್ಲಿ? ಒಣಗಿದ ಟ್ಯಾಂಕು ಕಾಲು ಭಾಗದ ಹತ್ತಿರ ಇದೆ ಅಂತ ಸುಳ್ಳು ಹೇಳುತ್ತೆ, ನೀವು ನಡುರಸ್ತೆಯಲ್ಲಿ. ಬ್ರೇಕ್ ಒತ್ತಿದಾಗ, ಇಂಡಿಕೇಟರ್ ಹಾಕಿದಾಗ ಪೆಟ್ರೋಲ್ ಮುಳ್ಳೂ ತಾಳಕ್ಕೆ ತಕ್ಕಂತೆ ಕುಣೀತಿದ್ರೆ ಹಿಂದಿನ ದೀಪಗಳೂ ಯೂನಿಟ್ಟೂ ಒಂದೇ ಕೊಳೆತ ಅರ್ಥಿಂಗ್ ಹಂಚಿಕೊಂಡಿವೆ ಅಂತ. ಇಷ್ಟು ಚೆನ್ನಾಗಿ ಕುಣಿದು ತೋರಿಸಿದ್ರೂ ನಮ್ಮ ಜನ ಮೀಟರನ್ನೇ ಬಿಚ್ಚೋದು!

ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಹಾದಿ ತಪ್ಪಿದ್ರೆ ಟ್ಯಾಂಕ್ ಕಡೆ ತಲೆನೇ ಹಾಕಬೇಡಿ. ಬೈಮೆಟಲ್ ಮೀಟರಿನ ಗಾಡಿಗಳಲ್ಲಿ ಡ್ಯಾಶ್ ಹಿಂದೆ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತೆ. ಹಳೇ ಬ್ರಿಟಿಷ್ ಕಾರುಗಳಲ್ಲಿ ಅದು ಕರೆಂಟನ್ನ ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಮಾಡುತ್ತೆ. ಡಿಜಿಟಲ್ ಮಲ್ಟಿಮೀಟರಲ್ಲಿ ಅಂಕಿ ಹಾರಾಡಿದ್ರೆ ಗಾಬರಿ ಬೇಡ, ಸ್ಟೆಬಿಲೈಸರ್ ಕೆಲಸವೇ ಅದು. ಹಾರಾಡದೆ 12ರಲ್ಲೇ ನಿಂತಿತೋ, ಎರಡೂ ಮುಳ್ಳು ಮೇಲೇರಿರುತ್ತವೆ. ಆಗಲೂ ಮೊದಲು ನೋಡಬೇಕಾದ್ದು ಅದರ ಡಬ್ಬಿಯ ಅರ್ಥಿಂಗನ್ನೇ. ಹೌದು, ಮತ್ತೆ ಅದನ್ನೇ ಹೇಳ್ತಿದ್ದೀನಿ.

'ಇಷ್ಟೆಲ್ಲ ಯಾಕೆ, ಟ್ರಿಪ್ ಮೀಟರ್ ನೋಡ್ಕೊಂಡು ಲೆಕ್ಕ ಇಟ್ಟರಾಯ್ತಪ್ಪ' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಟ್ಯಾಂಕ್ ಸೋರ್ತಿದ್ರೆ ನಿಮ್ಮ ಟ್ರಿಪ್ ಮೀಟರಿಗೆ ತಿಳಿಯುತ್ತಾ? ಪಂಪ್ ಟ್ಯಾಂಕಿನೊಳಗೇ ಇರೋ ಗಾಡಿಯಲ್ಲಿ ಪೆಟ್ರೋಲೇ ಅದಕ್ಕೆ ತಂಪು. ಲೆಕ್ಕ ತಪ್ಪಿ ಪದೇಪದೇ ಒಣಗಿಸಿದ್ರೆ ಪಂಪ್ ಸುಟ್ಟಾಗ ಲೆಕ್ಕದ ಪುಸ್ತಕ ತೋರಿಸಿ ಅದಕ್ಕೆ.

ಯೂನಿಟ್ ಹೊರಗೆ ತೆಗೆಯಲೇಬೇಕಾದ್ರೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿರಲಿ, ಕೆಲಸ ಬಯಲಲ್ಲಿ. ಗ್ಯಾರೇಜಿನ ಗುಂಡಿ ಇಳಿದು ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅಲ್ಲೇ ಮಡುಗಟ್ಟುತ್ತೆ. ಮೇಲಿನ ಧೂಳು ಒರೆಸಿಯೇ, ಯೂನಿಟ್ಟನ್ನ ಟ್ಯಾಂಕಿಗೆ ಹಿಡಿದಿಡೋ ಲಾಕ್ ರಿಂಗ್ ತಿರುಗಿಸಿ, ಅದೂ ಹಿತ್ತಾಳೆ ಅಥವಾ ಮರದ ತುಂಡಿನಿಂದ ಮೆಲ್ಲಗೆ ಬಡಿದು. ಸ್ಟೀಲ್ ಉಳಿ ಬೇಡ. ಹೊರಬಂದ ಯೂನಿಟ್‌ಗೆ ಓಮ್ ಮೀಟರ್ ಕೊಟ್ಟು ಕಡ್ಡಿಯನ್ನ ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ಎತ್ತಿ. ಅಂಕಿ ನೀರು ಹರಿದಂಗೆ ಬದಲಾಗಬೇಕು. ನಡುವೆ ಎಲ್ಲೋ ಒಂದು ಕಡೆ ಮಾಯವಾದ್ರೆ ಪ್ರತಿರೋಧದ ಪಟ್ಟಿ ಅಲ್ಲಿ ಸವೆದಿದೆ, ಮುಳ್ಳು ಅದೇ ಜಾಗದಲ್ಲಿ ದಿಢೀರ್ ಬೀಳ್ತಿದ್ದದ್ದು ಅದಕ್ಕೇ. ಹಿತ್ತಾಳೆ ಫ್ಲೋಟನ್ನ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದ್ರೆ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದೆ. ಅದು ಪೂರ್ತಿ ಬರಿದಾದ ಮೇಲೆ ಬಿಸಿನೀರಲ್ಲಿ ಅದ್ದಿದ್ರೆ ತೂತಿದ್ದ ಕಡೆ ಗುಳ್ಳೆ ಏಳುತ್ತೆ. ವಾಪಸ್ ಕೂರಿಸುವಾಗ ರಬ್ಬರ್ ಸೀಲ್ ಹೊಸದೇ ಹಾಕಿ, ಹಳೇದಕ್ಕೆ ಗಮ್ ಬಳಿಯೋ ಜಾಣತನ ಬೇಡ.

ಟ್ಯಾಂಕಿನ ರೋಗಗಳೂ ಹೀಗೇ, ಕೇಳಿಸಿಕೊಂಡ್ರೆ ತಾವೇ ಹೇಳ್ತವೆ. ಫುಲ್ ಮಾಡಿಸಿದಾಗ ಮಾತ್ರ ವಾಸನೆ ಬಂದ್ರೆ ಮೇಲ್ಭಾಗದ ಸೀಲ್, ಫಿಲ್ಲರ್ ಪೈಪಿನ ರಬ್ಬರು ನೋಡಿ. ಅರ್ಧ ಇದ್ದಾಗಲೂ ಒದ್ದೆಯಾಗ್ತಿದ್ರೆ ಸುತ್ತಲಿನ ಬೆಸುಗೆ ಅಂಚು, ಟ್ಯಾಂಕ್ ಹಿಡಿದಿರೋ ಪಟ್ಟಿ ಕೂರೋ ಜಾಗದ ತುಕ್ಕು. ಸ್ವಲ್ಪ ದೂರ ಓಡಿ ಗಾಡಿ ಉಸಿರುಕಟ್ಟಿ ನಿಂತು, ಮುಚ್ಚಳ ತೆಗೆದ ತಕ್ಷಣ ಜೋರಾಗಿ ಉಸ್ ಅಂತ ಗಾಳಿ ಎಳ್ಕೊಂಡು ಮತ್ತೆ ಸ್ಟಾರ್ಟ್ ಆದ್ರೆ ಗಾಳಿ ಹಾದಿ ಕಟ್ಟಿದೆ. ತೂತಿಲ್ಲದ ಮುಚ್ಚಳ ತಂದು ಹಾಕಿರ್ತಾರೆ, ಪಂಪ್ ಬದಲಿಸಿರ್ತಾರೆ!

ಖಾಲಿ ಟ್ಯಾಂಕನ್ನ ವೆಲ್ಡಿಂಗಿಗೆ ಒಯ್ಯೋರಿಗೆ ಮಾತ್ರ ತಮಾಷೆ ಮಾಡಲ್ಲ. ಗಾಳಿಯಲ್ಲಿ ಶೇಕಡ 1.4ರಿಂದ 7.6 ಆವಿ ಇದ್ರೆ ಸಾಕು, ಸಿಡಿಯುತ್ತೆ. ತುಂಬಿದ ಟ್ಯಾಂಕಿಗಿಂತ ಖಾಲಿಯೇ ಅಪಾಯ. ನೀರಲ್ಲಿ ತೊಳೆದೆ ಅನ್ನೋದು ಲೆಕ್ಕಕ್ಕಿಲ್ಲ, ಅಂಚಿನ ಮಡಿಕೆಯಲ್ಲಿ ಪೆಟ್ರೋಲ್ ಕೂತಿರುತ್ತೆ.

ಎಲ್ಲ ಮುಗಿದ ಮೇಲೆ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದೊಂದು ಸಲಕ್ಕೆ 5 ಲೀಟರ್ ಸುರಿದು, ಮುಳ್ಳು ಎಲ್ಲಿ ನಿಂತಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. 240–33ರಲ್ಲಿ ಫುಲ್ ಟ್ಯಾಂಕಿಗೂ ಮುಕ್ಕಾಲೇ ತೋರಿಸಿದ್ರೆ ಫ್ಲೋಟ್ ಕಡ್ಡಿ ಬಗ್ಗಿಸೋಕೆ ಓಡಬೇಡಿ. ಮೊದಲು ಆ ಕಪ್ಪು ವೈರಿನ ಬೋಲ್ಟ್ ಬಿಗಿ ಇದೆಯಾ ನೋಡಿ.