ಮನೆಗೆಲಸದವರ ವಿಮೆ ಯಾರ ಲೆಕ್ಕಕ್ಕೆ?

ನಿನ್ನೆ ಸಂಜೆ ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯವರು, ನಾನು ಮನೆಗೆಲಸದಾಕೆಗೆ ಆರೋಗ್ಯ ವಿಮೆ ಮಾಡಿಸಿದ್ದನ್ನು ಯಾರಿಂದಲೋ ತಿಳಿದುಕೊಂಡು, "ದೊಡ್ಡ ಉಪಕಾರ ಮಾಡಿದಿರಿ ಮೇಡಂ, ಆದರೆ ನಾಳೆ ನಮ್ಮವಳೂ ಬಂದು ಕೇಳಿದರೆ ಏನು ಮಾಡೋಣ?" ಎಂದರು. ನಾನು ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೇ ರಾತ್ರಿ ನಿದ್ದೆ ಹತ್ತಲಿಲ್ಲ. ಅಲ್ಲಿ ಆಡಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು 'ಉಪಕಾರ' ಎಂಬ ಪದ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದ ನನಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ ಖರ್ಚನ್ನು ಬ್ಯಾಂಕೇ ಭರಿಸಿತು. ಅದನ್ನು ಯಾರೂ ಉಪಕಾರವೆನ್ನಲಿಲ್ಲ, ನಾನೂ ಮ್ಯಾನೇಜರರಿಗೆ ಕೈ ಮುಗಿಯಲಿಲ್ಲ. ನಮ್ಮ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರಿಗೂ, ಏಜೆನ್ಸಿಯ ನೌಕರರಾದ್ದರಿಂದ, ಇಎಸ್‌ಐ ಎಂಬ ನೌಕರರ ಸರ್ಕಾರಿ ವಿಮೆ ಇದೆ: ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಮಾಲೀಕರು ಶೇ. 3.25, ನೌಕರರು ಶೇ. 0.75 ಕಟ್ಟುತ್ತಾರೆ. ಅದೇ ಗೇಟು ದಾಟಿ ಒಳಗೆ ಬಂದು ನಾಲ್ಕು ಮನೆಯ ಪಾತ್ರೆ ತಿಕ್ಕುವವಳಿಗೆ ಅದು ಸಿಗುವುದಿಲ್ಲ, ಏಕೆಂದರೆ ಆ ಕಾನೂನಿನ ಲೆಕ್ಕದಲ್ಲಿ ಮನೆಯೆಂಬುದು ಕಾರ್ಖಾನೆಯೂ ಅಲ್ಲ, ಸಂಸ್ಥೆಯೂ ಅಲ್ಲ.

"ಸರ್ಕಾರದ ಆಯುಷ್ಮಾನ್ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, 2018ರಿಂದ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಅದರಿಂದ ಬದುಕಿಕೊಂಡವರನ್ನೂ ನಾನು ಬಲ್ಲೆ. ಆದರೆ ನಮ್ಮಾಕೆಯ ಹೆಸರಿರುವ ರೇಷನ್ ಕಾರ್ಡು ಯಾದಗಿರಿ ಕಡೆಯ ಹಳ್ಳಿಯಲ್ಲಿ ಅತ್ತೆಯ ಟ್ರಂಕಿನೊಳಗಿದೆ, ತುರ್ತಿಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದಕ್ಕಾಗಿ ಅಲೆಯುವ ದಿನಗಳಿಗೆ ನಾವ್ಯಾರೂ ಸಂಬಳ ಕೊಡುವವರಲ್ಲ. ಇನ್ನೊಬ್ಬರು 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿ "ನಾವೂ ಮಾಡಿಸಿದ್ದೇವೆ" ಎಂದು ಎದೆಯುಬ್ಬಿಸಿದರು. ಕೌಂಟರಿನಲ್ಲಿ ಕೂತು ಆ ಅರ್ಜಿಗಳನ್ನು ರಾಶಿಗಟ್ಟಲೆ ತುಂಬಿಸಿಕೊಂಡವಳು ಹೇಳುತ್ತೇನೆ: ಅದು ಅಪಘಾತದಲ್ಲಿ ಸತ್ತರೆ ಅಥವಾ ಅಂಗವಿಕಲರಾದರೆ ಬರುವ ಹಣ; ಡೆಂಗಿಯಾಗಿ ಮಲಗಿದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

"ಕಂತು ಕಟ್ಟಿದ ಮೇಲೆ ಕೆಲಸ ಬಿಟ್ಟು ಹೋದರೆ?" ಎಂಬುದು ಮತ್ತೊಂದು ಚಿಂತೆ. ಹೋಗಲಿ. ಪಾಲಿಸಿ ಆಕೆಯದು, ಆಕೆಯ ಜೊತೆಗೇ ಹೋಗುತ್ತದೆ. ಕಾರಿನ ಬಂಪರಿಗೆ ಗೀರು ಬಿದ್ದೀತೆಂದು, ಸವಕಳಿ ಕಳೆಯದೆ ರಿಪೇರಿ ಖರ್ಚು ಕೊಡುವ 'ಜೀರೋ ಡೆಪ್' ವಿಮೆ ತೆಗೆದುಕೊಂಡವರು, ವರ್ಷವಿಡೀ ಗೀರು ಬೀಳದಿದ್ದರೆ ದುಡ್ಡು ದಂಡವಾಯಿತೆಂದು ಅಳುತ್ತಾರೆಯೇ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿಯೂ ಹೋಗಿದೆ. ನಾನು ಕಟ್ಟಿದ್ದು ಹನ್ನೆರಡು ಸಾವಿರ ಚಿಲ್ಲರೆ, ಅಂದರೆ ತಿಂಗಳಿಗೆ ಸಾವಿರದ ಆಸುಪಾಸು; ಆಕೆ ಕೆಲಸ ಮಾಡುವ ನಾಲ್ಕು ಮನೆಯವರು ಹಂಚಿಕೊಂಡರೆ ಒಂದೊಂದು ಮನೆಗೆ ಎಷ್ಟು ಬೀಳುತ್ತದೆಂದು ಮೇಲಿನ ಮನೆಯವರೇ ಲೆಕ್ಕ ಹಾಕಲಿ.

ಅರ್ಜಿ ತುಂಬಿದ ದಿನದ್ದನ್ನು ಹೇಳಲೇಬೇಕು. ಆಧಾರ್‌ನಲ್ಲಿ ಆಕೆಯ ಹುಟ್ಟಿದ ದಿನ, ಅಂಥ ಬಹಳಷ್ಟು ಜನರಂತೆ, ಜನವರಿ 1. ನಾಮಿನಿ ಯಾರೆಂದು ಕೇಳಿದಾಗ ಸೆರಗಿನ ತುದಿ ಸುತ್ತುತ್ತಾ ಬಹಳ ಹೊತ್ತು ಕೂತು, ಗಂಡನ ಹೆಸರು ಬಿಟ್ಟು ಮಗಳ ಹೆಸರು ಹೇಳಿದಳು. ಕಾಯಿಲೆಗಳ ಪ್ರಶ್ನೆ ಬಂದಾಗ ಮಾತ್ರ ಮುಖ ಸಣ್ಣದಾಯಿತು. "ಸಕ್ಕರಿ ಬ್ಯಾನಿ ಅದ ಅಂತ ಬರೆದ್ರ ಕೆಲಸದಿಂದ ಬಿಡಿಸ್ತೀರೇನ್ರಿ ಅಮ್ಮಾರ?" ಎಂದು ಕೇಳಿದಳು. ಆರು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ಓಡಾಡುವವಳಿಗೆ ಸಕ್ಕರೆ ಕಾಯಿಲೆಯಿರುವುದು ನನಗೆ ಗೊತ್ತಾದದ್ದು ಆವತ್ತೇ. ಅಲ್ಲಿಯವರೆಗೂ ಎರಡು ಚಮಚ ಸಕ್ಕರೆಯ ಕಾಫಿಯನ್ನು ನಾನೇ ಕಲಸಿ ಕೊಡುತ್ತಿದ್ದೆ. ಮುಚ್ಚಿಟ್ಟರೆ ಮುಂದೆ ಕ್ಲೈಮು ತಿರಸ್ಕೃತವಾದೀತೆಂದು ವಿವರಿಸಿ, ಇದ್ದದ್ದನ್ನು ಇದ್ದಂತೆಯೇ ಬರೆಸಿದೆ. ಆ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆಗೆ ಇನ್ನು ಮೂರು ವರ್ಷ ಕಾಯಬೇಕು.

ಇಷ್ಟೆಲ್ಲ ಬರೆದವಳು ಇದನ್ನೂ ಬರೆಯಬೇಕು. ಮೂರು ವರ್ಷದ ಹಿಂದೆ ಆಕೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ ನಾನು 40,000 ರೂಪಾಯಿ ಕೊಟ್ಟಿದ್ದೆ, ಸಾಲವಾಗಿ. ತಿಂಗಳಿಗೆ 2,000ದಂತೆ ಸಂಬಳದಲ್ಲಿ ಮುರಿದುಕೊಳ್ಳುತ್ತಾ, ಬಡ್ಡಿ ತೆಗೆದುಕೊಳ್ಳದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಹನ್ನೆರಡು ಕಂತಿನ ನಂತರ ನನ್ನ ಮಗಳು ಫೋನಿನಲ್ಲಿ ಬೈದ ಮೇಲೆ ಉಳಿದ 16,000 ಬಿಟ್ಟೆ, ಅದನ್ನು ಉಪಕಾರವೆಂದೇ ನಾಲ್ಕು ಜನರ ಮುಂದೆ ಹೇಳಿಕೊಂಡೆ. ಮುರಿದುಕೊಂಡ 24,000 ಇನ್ನೂ ನನ್ನ ಖಾತೆಯಲ್ಲೇ ಇದೆ.