ಶಾಂತಲೆಯ ಬೆನ್ನಿಗೆ ಜಿಪ್ಪು

ಮೊನ್ನೆ ಹಾಸನದಲ್ಲಿ ಒಂದು ನೃತ್ಯರೂಪಕ ನೋಡಿದೆ. ವಿಷ್ಣುವರ್ಧನ, ಶಾಂತಲೆ, ಬೇಲೂರಿನ ಗುಡಿ ಎದ್ದ ಕಥೆ. ಮಕ್ಕಳು ಜೀವ ತುಂಬಿ ಕುಣಿದರು, ಮೃದಂಗ ಸೊಗಸಾಗಿತ್ತು. ಆದರೆ ಶಾಂತಲೆ ಬೆನ್ನು ತಿರುಗಿಸಿ ನಿಂತಾಗ ಕುತ್ತಿಗೆಯಿಂದ ನಡುವಿನವರೆಗೆ ಜಿಪ್ಪು ಹೊಳೆಯಿತು. ಪಾಲಿಯೆಸ್ಟರ್ ಸ್ಯಾಟಿನ್, ಅದರ ಮೇಲೆ ಚಮಕಿ, ಕಣ್ಣು ಕುಕ್ಕುವ ನೇರಳೆ. ಅದೇ ಹೊತ್ತಿಗೆ ನಿರೂಪಕರು ಮೈಕಿನಲ್ಲಿ, ಹನ್ನೆರಡನೇ ಶತಮಾನದ ಉಡುಗೆಯನ್ನು ಯಥಾವತ್ತಾಗಿ ನಿಮ್ಮ ಮುಂದಿಟ್ಟಿದ್ದೇವೆ ಎಂದರು. ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ.

ನನ್ನ ಕೆಲಸ ಏನೆಂದು ನಿಮಗೆಲ್ಲ ಗೊತ್ತು. ಹಳೆಯ ಕಾಲದ ಬಟ್ಟೆ ಹೇಗಿತ್ತು, ಹೇಗೆ ಉಡುತ್ತಿದ್ದರು ಎಂದು ಹುಡುಕಿ, ಮತ್ತೆ ನೇಯಿಸಿ, ಬಣ್ಣ ಹಾಕಿಸಿ, ಉಡಿಸಿ ತೋರಿಸುವುದು. ಸಂಬಳದ ಕೆಲಸವಲ್ಲ, ಕರೆದವರಿಗೆ ಮಾಡಿಕೊಡುವುದು. ಈ ಕಾರ್ಯಕ್ರಮದವರೂ ಕರೆದಿದ್ದರು. ಖರ್ಚಿನ ಪಟ್ಟಿ ಕಳುಹಿಸಿದೆ. "ಮೇಡಂ, ಬರೀ ಬಟ್ಟೆಗೆ ಇಷ್ಟೊಂದು ದುಡ್ಡೇ? ಬೆಂಗಳೂರಿನಲ್ಲಿ ಸೆಟ್ಟಿಗೆ ಸೆಟ್ಟೇ ಬಾಡಿಗೆಗೆ ಸಿಗುತ್ತದೆ" ಎಂದರು. ಮರುದಿನ ಮತ್ತೆ ಫೋನ್ ಮಾಡಿ, "ಒಂದಷ್ಟು ಫೋಟೊ ಕಳುಹಿಸಿಬಿಡಿ, ನಮ್ಮ ಟೈಲರ್ ನೋಡಿಕೊಂಡು ಹೊಲಿಯುತ್ತಾರೆ" ಎಂದರು. ಎಲ್‌ಇಡಿ ಪರದೆಗೆ ದುಡ್ಡಿತ್ತು. ಹೂವಿನ ಅಲಂಕಾರಕ್ಕೆ ಇತ್ತು. ಅತಿಥಿಗಳಿಗೆ ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ ಎಲ್ಲಕ್ಕೂ ಇತ್ತು. ಯಾರ ಕಥೆ ಹೇಳುತ್ತಿದ್ದಾರೋ ಅವರ ಮೈಮೇಲಿನ ಬಟ್ಟೆಗೆ ಮಾತ್ರ ಇರಲಿಲ್ಲ.

ಬರೀ ಬಟ್ಟೆ! ಈ ಮಾತು ನನ್ನನ್ನು ಸುಡುತ್ತದೆ. ಹೊಯ್ಸಳರ ಕಾಲದ ಒಂದು ಗೇಣು ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ನಮಗಿಲ್ಲ. ನಮ್ಮ ಮಳೆಗೂ ಗೆದ್ದಲಿಗೂ ಹತ್ತಿಬಟ್ಟೆ ಎಂಟುನೂರು ವರ್ಷ ಬಾಳುವುದಿಲ್ಲ. ಗುಜರಾತಿನಲ್ಲಿ ಅಚ್ಚು ಹಾಕಿದ ಆ ಕಾಲದ ಹತ್ತಿಬಟ್ಟೆಯ ತುಂಡುಗಳು ಸಿಕ್ಕಿರುವುದು ಈಜಿಪ್ಟಿನ ಹಳೆಯ ಕೈರೋದಲ್ಲಿ, ಫುಸ್ತಾತ್‌ನಲ್ಲಿ. ಅಲ್ಲಿಯ ಒಣ ನೆಲ ಅವನ್ನು ಕಾಪಾಡಿತು. ಅವುಗಳ ದೊಡ್ಡ ಸಂಗ್ರಹ ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಊರಿನ ಬಟ್ಟೆಯನ್ನು ತಿಳಿಯಬೇಕೆಂದರೆ ಕಲ್ಲನ್ನು ಓದಬೇಕು, ಶಾಸನ, ವಚನಗಳನ್ನು ಓದಬೇಕು, ಆಮೇಲೆ ನೂಲಿನ ಹತ್ತಿರ ಹೋಗಬೇಕು.

ಬೇಲೂರಿನಲ್ಲಿ ಕೋತಿಯೊಂದು ಮದನಿಕೆಯ, ಅಂದರೆ ಶಿಲಾಬಾಲಿಕೆಯ, ಬಟ್ಟೆ ಎಳೆಯುವ ಶಿಲ್ಪವಿದೆಯಲ್ಲ, ಎಲ್ಲರೂ ನಕ್ಕು ಮುಂದೆ ಹೋಗುತ್ತಾರೆ. ನಾನು ಅದರ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಂತಿರುತ್ತೇನೆ. ಕೋತಿ ಎಳೆದ ಕಡೆಗೆ ಬಟ್ಟೆ ಸಡಿಲಾಗಿ ಬರುತ್ತಿದೆ. ಅಂದರೆ ಅದು ಕತ್ತರಿಸಿ ಹೊಲಿದದ್ದಲ್ಲ, ಸುತ್ತಿ ನಡುವಿಗೆ ಸಿಕ್ಕಿಸಿದ್ದು. ಬೇರೆ ಮದನಿಕೆಯರ ತೊಡೆಯ ಮೇಲೆ ಬಟ್ಟೆ ಇದೆ ಎಂದು ತಿಳಿಯುವುದೇ ಅಂಚಿನ ಒಂದು ಗೀರಿನಿಂದ. ಬಳಪದ ಕಲ್ಲಿನಲ್ಲಿ ಅಷ್ಟು ತೆಳುವಾಗಿ ಕಂಡರಿಸಿದವನ ಕಣ್ಣಮುಂದೆ ಎಂಥ ನಯವಾದ ನೂಲು ಇದ್ದಿರಬೇಕು? ದಪ್ಪ ಬಟ್ಟೆಯಲ್ಲಿ ಆ ನೆರಿಗೆ ಹಾಗೆ ಬೀಳುವುದಿಲ್ಲ. ನಾನು ಉಡಿಸಿ ನೋಡಿದ್ದೇನೆ.

ಆ ನೂಲನ್ನು ತೆಗೆದದ್ದು ಹೇಗೆ ಎನ್ನುವುದೇ ಒಂದು ದೊಡ್ಡ ಪ್ರಶ್ನೆ. ರಾಟೆ ನಮ್ಮ ದೇಶಕ್ಕೆ ಬಂದದ್ದು ಹದಿಮೂರು ಹದಿನಾಲ್ಕನೇ ಶತಮಾನದ ಸುಮಾರಿಗೆ ಎಂದು ವಾದಿಸಿದ ಇತಿಹಾಸಕಾರರಿದ್ದಾರೆ. ಆದರೆ ನೂಲುವ ಕಾಯಕದ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಅಡಿಯ ಹಲಗೆ, ತೋರಣ, ಬೊಂಬೆಗಳನ್ನು ಒಂದೊಂದಾಗಿ ಹೆಸರಿಸಿ ವಚನ ಹೇಳಿದ್ದಾಳೆ. ಆಕೆಯನ್ನು ಹನ್ನೆರಡನೇ ಶತಮಾನದ ಶರಣೆ ಎಂದೇ ಎಣಿಸುತ್ತಾರೆ. ನಮ್ಮ ನೆಲದ ಒಬ್ಬ ಹೆಂಗಸಿನ ಮಾತು ಇಂಥ ವಾದವನ್ನೇ ಅಲುಗಾಡಿಸುತ್ತದೆ. ನನಗಂತೂ ಇದನ್ನು ನೆನೆದಾಗಲೆಲ್ಲ ಮೈ ನವಿರೇಳುತ್ತದೆ. ರಾಟೆಯ ನೂಲು ಬೇರೆ, ರಾಟೆಯಿಲ್ಲದೆ ಕೈಯಲ್ಲೇ ತಿರುಗಿಸುವ ಕದಿರಿನ ನೂಲು ಬೇರೆ. ಯಾವುದನ್ನು ಆರಿಸಬೇಕೆಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿ. ಟೈಲರ್ ನೋಡಿಕೊಂಡು ಹೊಲಿಯುವ ಫೋಟೊದಲ್ಲಿ ಇದು ಎಲ್ಲಿ ಕಾಣುತ್ತದೆ?

ಬಣ್ಣದ್ದೂ ಇದೇ ಪಾಡು. ಹತ್ತಿಗೆ ಕೆಂಪು ಹಿಡಿಯಬೇಕೆಂದರೆ ಮೊದಲು ಅಳಲೆಕಾಯಿ, ಆಮೇಲೆ ಪಟಿಕ, ಆಮೇಲೆ ಮಂಜಿಷ್ಠ, ನಡುನಡುವೆ ಒಗೆತ, ಬಿಸಿಲು. ವೇದಿಕೆಯ ಮೇಲಿದ್ದಂಥ ನೇರಳೆ ಲಂಡನ್ನಿನ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು 1856ರಲ್ಲಿ. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ.

ಯಾರಿಗೆ ಗೊತ್ತಾಗುತ್ತದೆ ಬಿಡಿ ಎನ್ನುತ್ತಾರೆ. ಇನ್ನೊಂದು ಮಾತನ್ನೂ ಆಡುತ್ತಾರೆ: ಶಿಲ್ಪದಲ್ಲಿ ಇರುವ ಹಾಗೆ ಮಕ್ಕಳನ್ನು ವೇದಿಕೆ ಹತ್ತಿಸಲು ಆಗುತ್ತದೆಯೇ? ಖಂಡಿತ ಆಗುವುದಿಲ್ಲ, ಹತ್ತಿಸಲೂಬಾರದು. ಎದೆಗೆ ಹತ್ತಿಯ ಪಟ್ಟಿ ಕಟ್ಟಿ, ಮೇಲೊಂದು ಉತ್ತರೀಯ ಹೊದಿಸಿ, ಇದನ್ನು ಇಂದಿನ ಅನುಕೂಲಕ್ಕೆ ಸೇರಿಸಿದ್ದೇವೆ ಎಂದು ಒಂದು ಸಾಲು ಹೇಳಿದರೆ ಮುಗಿಯಿತು. ಮರ್ಯಾದೆಗೆ ಬೇಕಾದದ್ದು ಬಟ್ಟೆ, ಜಿಪ್ಪೂ ಅಲ್ಲ, ಚಮಕಿಯೂ ಅಲ್ಲ. ಇನ್ನು ಗೊತ್ತಾಗುವ ಮಾತು. ನನ್ನ ಪಕ್ಕದಲ್ಲಿ ಕುಳಿತಿದ್ದ ಪುಟ್ಟ ಹುಡುಗಿ, "ಅಜ್ಜಿ, ಆಗ ಹೀಗೇ ಇತ್ತಾ?" ಎಂದು ಕೇಳಿದಳು. ಅಜ್ಜಿ "ಹೌದು ಕಂದಾ" ಎಂದರು. ಮೈಕಿನಲ್ಲಿ ಹೇಳಿದ್ದನ್ನು ಅವರು ನಂಬಿದರು. ನಂಬುವ ಜನರಿಗೆ ಸುಳ್ಳು ಹೇಳುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮನೆ ನಡೆಯುವುದು ಈ ಕೆಲಸದಿಂದಲ್ಲ, ಮದುವೆ ರವಿಕೆಗಳ ಹೊಲಿಗೆಯಿಂದ, ಸೆರಗಿನ ಕುಚ್ಚಿನಿಂದ. ಬಿಟ್ಟುಬಿಡು ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಾರೆ. ಆ ರಾತ್ರಿ ಬಿಡಬೇಕೆಂದೇ ಅನ್ನಿಸಿತ್ತು, ದೀಪ ಆರಿಸಿ ಅತ್ತೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಇನ್ನಾದರೂ ನಮ್ಮಂಥವರ ಮಾತು ಕೇಳುತ್ತಾರೆ ಎಂದು ಎಷ್ಟು ಆಸೆಪಟ್ಟಿದ್ದೆ! ಕಲ್ಲಿಗೆ ಬಂದ ಗೌರವ ಆ ಕಲ್ಲಿನಲ್ಲಿರುವವರ ಉಡುಗೆಗೆ ಇನ್ನೂ ಬಂದಿಲ್ಲ.

ಆದರೂ ಬಿಡುವುದಿಲ್ಲ. ಉತ್ಸವ, ನಾಟಕ, ಶಾಲಾ ವಾರ್ಷಿಕೋತ್ಸವ ಮಾಡಿಸುವ ಸ್ನೇಹಿತರು ಇದನ್ನು ಓದುವವರಲ್ಲಿ ಅನೇಕರಿದ್ದೀರಿ. ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಹತ್ತು ಪಾತ್ರಗಳಿಗೆ ಆಗದಿದ್ದರೆ ಒಬ್ಬರಿಗೇ ಮಾಡಿಸಿ. ಮಳೆಗಾಲ ಮುಗಿದ ಕೂಡಲೇ ಬನ್ನಿ, ಬಿಸಿಲಿಲ್ಲದೆ ಬಣ್ಣ ಹಾಕಲು ಆಗುವುದಿಲ್ಲ. ಮಗ್ಗದವರಿಗೆ ಮುಂಗಡ ಕೊಡಬೇಕು, ಅದನ್ನು ಮೊದಲೇ ತೆಗೆದಿಡಿ. ಬಾಡಿಗೆಯ ಬಟ್ಟೆಯೇ ಗತಿ ಎಂದಾದರೆ ಅದನ್ನೇ ಹಾಕಿಸಿ, ನಾನು ಬೇಸರಪಡುವುದಿಲ್ಲ. ಯಥಾವತ್ತು ಎಂದು ಮಾತ್ರ ಮೈಕಿನಲ್ಲಿ ಹೇಳಿಸಬೇಡಿ. ಫೋಟೊ ಕೇಳಿ ಫೋನ್ ಮಾಡುವವರಿಗೂ ಇಲ್ಲೇ ಹೇಳುತ್ತಿದ್ದೇನೆ: ಇನ್ನು ಮುಂದೆ ಕಳುಹಿಸುವುದಿಲ್ಲ. ಬೇಲೂರಿಗೆ ಬನ್ನಿ, ನಾನೇ ಜೊತೆಗೆ ನಿಂತು ಒಂದೊಂದು ನೆರಿಗೆಯನ್ನೂ ತೋರಿಸುತ್ತೇನೆ.