ಸ್ಪಷ್ಟನೆ: ‘ಬಿಸಿಯೇ ಆಗದ ಬೆಳಕಿನ ಚಿಪ್’ ಬಂದಿಲ್ಲ

‘ಬೆಳಕಿನಿಂದ ಪ್ಲಾಸ್ಮಾನ್ ಸಂಕೇತ ನಿಯಂತ್ರಿಸುವ ಚಿಪ್ ಸಿದ್ಧ, ಅದು ಬಿಸಿಯೇ ಆಗದು, ಕಂಪ್ಯೂಟರ್ ಲಕ್ಷ ಪಟ್ಟು ವೇಗ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. (ಪ್ಲಾಸ್ಮಾನ್ ಎಂದರೆ ಲೋಹದ ಮೇಲ್ಮೈಯಲ್ಲಿ ಎಲೆಕ್ಟ್ರಾನ್‌ಗಳು ಒಟ್ಟಾಗಿ ಎಬ್ಬಿಸುವ ಅಲೆ.) ಇದರಲ್ಲಿ ನಿಜದ ಎಳೆ ಒಂದಿದೆ, ಉಳಿದದ್ದೆಲ್ಲ ಒಗ್ಗರಣೆ.

ನಿಜ ಇಷ್ಟು. 2009ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ನಿಕೊಲಾಯ್ ಝೆಲುಡೆವ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಣ್ಣ ಗೀರುಗಳ ಸಾಲಿಗೆ ಲೇಸರ್ ಬಿದ್ದಾಗ ಬೆಳಕು ಲೋಹದ ಎಲೆಕ್ಟ್ರಾನ್‌ಗಳೊಡನೆ ಬೆರೆತು, ಮೇಲ್ಮೈಗೆ ಅಂಟಿಕೊಂಡೇ ಪ್ಲಾಸ್ಮಾನ್ ಅಲೆಯಾಗಿ ಸಾಗುತ್ತದೆ. ಆಚೆ ತುದಿಯ ಗೀರುಗಳಲ್ಲಿ ಮತ್ತೆ ಬೆಳಕಾಗಿ ಹೊರಬೀಳುತ್ತದೆ. ನಡುವಿನ ಲೋಹಕ್ಕೆ ಇನ್ನೊಂದು ಲೇಸರ್ ಮಿಡಿತ ತಾಗಿದರೆ ಅಲೆಯ ಬಲ ಬದಲಾಗುತ್ತದೆ, ಅದೂ ಫೆಮ್ಟೊಸೆಕೆಂಡುಗಳ ಲೆಕ್ಕದಲ್ಲಿ. (ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಸೆಕೆಂಡ್.)

ಆದರೆ ಆ ಬದಲಾವಣೆ ಶೇಕಡಾ ಕೆಲವೇ ಅಂಶದ್ದು. ದೀಪ ಹೊತ್ತಿಸಿ ಆರಿಸುವಂಥ ಸ್ವಿಚ್ ಅಲ್ಲ.

‘ಬಿಸಿಯಾಗದು’ ಎನ್ನುವುದಂತೂ ತಲೆಕೆಳಗು. ಲೋಹ ಪ್ಲಾಸ್ಮಾನ್ ಅಲೆಯನ್ನು ಹೀರಿ ಶಾಖವಾಗಿಸುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಚಿನ್ನ, ಬೆಳ್ಳಿಯ ಮೇಲೂ ಅಲೆ ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರೊಮೀಟರ್ ಸಾಗುವಷ್ಟರಲ್ಲಿ ಬಳಲುತ್ತದೆ. ಅಲೆ ಸಾಗುವ ನಾಳವನ್ನು ನ್ಯಾನೊ ಅಳತೆಗೆ ಕಿರಿದುಗೊಳಿಸಿದಷ್ಟೂ ನಷ್ಟ ಹೆಚ್ಚು. ಈ ಕ್ಷೇತ್ರದ ನಿಜವಾದ ತಲೆನೋವೇ ಅದು, ಸಂದೇಶ ಬರೆದವರು ಅದನ್ನೇ ನುಂಗಿದ್ದಾರೆ.

‘ಲಕ್ಷ ಪಟ್ಟು’ ಲೆಕ್ಕಕ್ಕೂ ಬುಡವಿಲ್ಲ. ಒಂದು ಮಿಡಿತಕ್ಕೆ ಲೋಹ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಬೇರೆ, ಕಂಪ್ಯೂಟರ್ ಎಷ್ಟು ಬೇಗ ಲೆಕ್ಕ ಮಾಡುತ್ತದೆ ಎಂಬುದು ಬೇರೆ.